ಬಿಳಿ ತಿಮಿಂಗಿಲದ ಪೇಢಾ

ಸಮುದ್ರವನ್ನು ನಾನು ಜೀವನದಲ್ಲಿ ಒಂದೇ ಸಲ ನೋಡಿದ್ದೇನೆ. ಮುಂಬೈಗೆ ಬಂಧುಗಳ ಮದುವೆಗೆ ಹೋದಾಗ, ಸೀರೆಯ ಅಂಚು ತೊಯ್ಯದಂತೆ ಎತ್ತಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಭೇಲ್ ಪೊಟ್ಟಣ ಹಿಡಿದು ನಿಂತು ನೋಡಿದ್ದು. ಅಷ್ಟಕ್ಕೇ ಬೀದರಿನ ನಮ್ಮ ಆಫೀಸಿನಲ್ಲಿ ಸಮುದ್ರದ ವಿಷಯಕ್ಕೆ ನಾನೇ ದೊಡ್ಡವಳು. ಉಳಿದವರು ಅಷ್ಟೂ ನೋಡಿರಲಿಲ್ಲ.

ನಮ್ಮದು ಫೋಟೊಗಳಿಗೆ ಗುರುತು ಹಾಕುವ ಕೆಲಸ. ಹೊರದೇಶದ ಒಂದು ಸಂಶೋಧನಾ ತಂಡ ಸಣ್ಣ ವಿಮಾನದಲ್ಲಿ ಸಮುದ್ರದ ಮೇಲೆ ಗೆರೆ ಎಳೆದಂತೆ ಹಾರಾಡಿ, ಕೆಳಗೆ ಮುಖ ಮಾಡಿದ ಕ್ಯಾಮೆರಾದಿಂದ ಫೋಟೊ ತೆಗೆಯುತ್ತದೆ. ಆ ಫೋಟೊಗಳು ಅಂದಂದೇ ಬೀದರಿನ ಹಳೆ ಊರಿನಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಗೆ ಬರುತ್ತವೆ. ನಾವು ಸಾಲಾಗಿ ಕೂತು ಒಂದೊಂದನ್ನೇ ನೋಡುತ್ತೇವೆ. ತಿಮಿಂಗಿಲ ಕಂಡರೆ ಅದರ ಸುತ್ತ ಚೌಕ ಎಳೆಯಬೇಕು. ಆಮೇಲೆ ಪಕ್ಕದ ಗುಂಡಿಗಳಲ್ಲಿ ಒಂದನ್ನು ಒತ್ತಬೇಕು: ಸಾಮಾನ್ಯ, ಅಸಾಮಾನ್ಯ ಬಣ್ಣ, ಸತ್ತದ್ದು, ತಿಳಿಯದು. ಹೀಗೆ ನಾವು ಮಾಡಿಟ್ಟ ಗುರುತುಗಳಿಂದ ಮುಂದೆ ಕಂಪ್ಯೂಟರ್ ತಾನೇ ಕಲಿಯುತ್ತದಂತೆ. ಒಂದೇ ಫೋಟೊವನ್ನು ಇಬ್ಬರು, ಒಬ್ಬರದನ್ನೊಬ್ಬರು ನೋಡದೆ ಗುರುತಿಸುತ್ತಾರೆ. ಇಬ್ಬರ ಗುರುತು ಬೇರೆ ಬೇರೆಯಾದರೆ ಫೋಟೊ ನನ್ನ ಮೇಜಿಗೆ ಬರುತ್ತದೆ, ನನ್ನ ಮಾತೇ ಕೊನೆ. ಮೊದಲು ಭಾಲ್ಕಿಯಲ್ಲಿ ವಿಜ್ಞಾನ ಕಲಿಸುತ್ತಿದ್ದೆನೆಂದು ನನಗೆ ಈ ಕುರ್ಚಿ ಸಿಕ್ಕಿತ್ತು.

ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡಿಸುವುದು ಬಿಳಿ ಬಣ್ಣ. ಅಲೆ ಒಡೆದರೆ ಬಿಳಿ, ಬಿಸಿಲು ಬಿದ್ದರೆ ಬಿಳಿ, ಕಡಲಹಕ್ಕಿಗಳ ಹಿಂಡು ಬಿಳಿ, ದೋಣಿ ಹೋದ ದಾರಿಯೂ ಬಿಳಿ. ಕರಿ ತಿಮಿಂಗಿಲವೇ ಮಗ್ಗುಲು ಬದಲಿಸಿ ಹೊಟ್ಟೆ ತೋರಿಸಿದರೂ ಬಿಳಿ. ನಿಜವಾಗಿಯೂ ಬೆಳ್ಳಗೆ ಹುಟ್ಟುವ ತಿಮಿಂಗಿಲಗಳೂ ಇವೆ, ಆದರೆ ಅಪರೂಪ. ನಮಗೆ ಕೊಟ್ಟ ಮಾದರಿ ಫೋಟೊಗಳಲ್ಲಿ ಒಂದು ಕರಿ ತಾಯಿಯ ಮಗ್ಗುಲಲ್ಲಿ ಬಿಳಿ ಮರಿ ಇತ್ತು. ಅದನ್ನು ನೋಡಿದ ದಿನದಿಂದ ಮಾಳಿಗೆಯ ಎಲ್ಲರಿಗೂ ಒಂದೇ ಆಸೆ, ಒಂದು ಬಿಳಿಯದು ನಮ್ಮ ಕಣ್ಣಿಗೂ ಬೀಳಲಿ ಎಂದು.

ಅದು ಬಿದ್ದದ್ದು ನಮ್ಮಲ್ಲಿ ಕೆಲಸಕ್ಕಿದ್ದ, ಠಾಣಾ ಕುಶನೂರಿನ ಒಬ್ಬ ಸೊಸೆಯ ಕಣ್ಣಿಗೆ. ನಮ್ಮಲ್ಲಿ ಎಲ್ಲರಿಗಿಂತ ದೂರದಿಂದ ಬರುವವಳು ಅವಳೇ. ನಸುಕಿನಲ್ಲಿ ರೊಟ್ಟಿ ಬಡಿದಿಟ್ಟು ಬಸ್ ಹಿಡಿಯುತ್ತಿದ್ದಳು. ಅವಳ ಊರು ಔರಾದ ಕಡೆ, ಅಲ್ಲಿಗೆ ರೈಲಿಲ್ಲ, ಬಸ್ ತಪ್ಪಿದರೆ ಅಂದಿನ ಕೆಲಸವೂ ತಪ್ಪಿದಂತೆ. ಅವಳ ಅತ್ತೆಗೆ ಈ ನೌಕರಿ ಹಿಡಿಸಿರಲಿಲ್ಲ. ಮನೆಯ ಹೆಣ್ಣುಮಗಳು ಊರು ಬಿಟ್ಟು ಊರಿಗೆ ಹೋಗಿ, ಯಾವುದೋ ನೀರಿನ ಫೋಟೊ ನೋಡಿ ಬರುವುದು ಎಂಥ ಕೆಲಸ ಎಂದು ಆಕೆ ಕೇಳುತ್ತಿದ್ದಳಂತೆ. ದೀಪಾವಳಿವರೆಗೆ ಹೋಗು, ಆಮೇಲೆ ಸಾಕು ಎಂದು ಗಡುವೂ ಕೊಟ್ಟಾಗಿತ್ತು. ಈ ಹುಡುಗಿಗೋ ಕೆಲಸವೆಂದರೆ ಜೀವ. ಡಬ್ಬಿ ಬಿಚ್ಚಿದಾಗಲೆಲ್ಲ ದೀಪಾವಳಿಗೆ ಇನ್ನೆಷ್ಟು ದಿನ ಎಂದು ಲೆಕ್ಕ ಹಾಕುತ್ತಿದ್ದಳು.

ಅವಳು ಆ ಫೋಟೊಗೆ 'ಅಸಾಮಾನ್ಯ ಬಣ್ಣ' ಎಂದು ಒತ್ತಿದ್ದಳು. ಅದೇ ಫೋಟೊವನ್ನು ನೋಡಿದ ಇನ್ನೊಬ್ಬ ಹಳೆ ಊರಿನ ಹುಡುಗ, ಬಿದರಿ ಕೆಲಸದವರ ಮನೆಯವನು, ಚೌಕವನ್ನೇ ಎಳೆದಿರಲಿಲ್ಲ. ಅವನ ಪ್ರಕಾರ ಅದು ನೊರೆ. ಹಾಗಾಗಿ ಫೋಟೊ ನನ್ನ ಬಳಿ ಬಂತು.

ಉದ್ದನೆಯ, ಹಾಲುಬಿಳುಪಿನ, ಎರಡೂ ತುದಿ ಸಣ್ಣಗಾದ ಒಂದು ಆಕಾರ. ಅದರ ಮೇಲೆ ಅಕ್ಕಿಕಾಳಿನಂಥ ಚುಕ್ಕೆಗಳು. ದೊಡ್ಡದು ಮಾಡಿ ನೋಡಿದರೆ ಹಕ್ಕಿಗಳು, ರೆಕ್ಕೆ ಮಡಚಿ ಕೂತಿದ್ದವು. ಇಬ್ಬರನ್ನೂ ಕರೆದೆ. ಹುಡುಗ ಬೆಳ್ಳಗಿರೋದೆಲ್ಲ ಹಾಲಲ್ಲ ಮೇಡಂ ಎಂದು ನಕ್ಕ. ಅವನ ನಗು ನನ್ನನ್ನು ಕೆಣಕಿತು. ನಾನು ಭಾಲ್ಕಿ ತಾಲ್ಲೂಕಿನ ಮೆಹಕರದಲ್ಲಿ ಎಮ್ಮೆ ಮೇಯಿಸಿ ಬೆಳೆದವಳು. ಎಮ್ಮೆಯ ಬೆನ್ನ ಮೇಲೆ ಬೆಳ್ಳಕ್ಕಿ ಕೂತದ್ದನ್ನು ನೋಡದ ದಿನವೇ ನನ್ನ ಬಾಲ್ಯದಲ್ಲಿಲ್ಲ. ಎಮ್ಮೆ ನಿಶ್ಚಿಂತೆಯಿಂದ ಮೇಯುತ್ತಿದ್ದರೆ ಹಕ್ಕಿಯೂ ನಿಶ್ಚಿಂತೆಯಿಂದ ಕೂರುತ್ತದೆ.

"ನೊರಿ ಮ್ಯಾಲ ಹಕ್ಕಿ ಕೂಡ್ತಾವೇನೋ? ಹಕ್ಕಿ ಕುಂತಾವ ಅಂದ್ರ ಅದು ಪ್ರಾಣಿ. ಆರಾಮ ಇದ್ದ ಪ್ರಾಣಿ," ಎಂದೆ.

ಕುಶನೂರಿನವಳೂ ಎಮ್ಮೆ ಕಟ್ಟಿದ ಮನೆಯವಳೇ. ಹೌದ್ರಿ ಹೌದ್ರಿ ಎಂದಳು. ಇಬ್ಬರು ಎಮ್ಮೆಯವರ ನಡುವೆ ಹುಡುಗನ ಮಾತು ನಡೆಯಲಿಲ್ಲ.

ನಿಯಮದಂತೆ ಹಿಂದಿನ ಮತ್ತು ಮುಂದಿನ ಫೋಟೊಗಳನ್ನೂ ತೆರೆದೆ. ವಿಮಾನ ಮುಂದೆ ಸಾಗುತ್ತಿದ್ದಂತೆ ಕ್ಯಾಮೆರಾ ಬೇಗ ಬೇಗ ತೆಗೆಯುವುದರಿಂದ ಒಂದೇ ಜಾಗ ಮೂರ್ನಾಲ್ಕು ಫೋಟೊಗಳಲ್ಲಿ ಬರುತ್ತದೆ. ಜೀವವಿದ್ದರೆ ಅಷ್ಟರಲ್ಲೇ ಮೈ ತುಸು ತಿರುಗಿರುತ್ತದೆ, ಇಲ್ಲವೆ ಬಾಲದ ಹಿಂದೆ ನೀರು ಕದಡಿರುತ್ತದೆ. ಇದರಲ್ಲಿ ಏನೂ ಬದಲಾಗಿರಲಿಲ್ಲ. ಅದಕ್ಕೂ ನನ್ನ ಬಳಿ ಎಮ್ಮೆಯ ಉತ್ತರವೇ ಇತ್ತು. ಕೆರೆಯಲ್ಲಿ ಬಿದ್ದುಕೊಂಡ ಎಮ್ಮೆ ತಾಸುಗಟ್ಟಲೆ ಮಿಸುಕುತ್ತದೆಯೇ? ಇದೂ ಹಾಗೇ ಮಲಗಿದೆ ಎಂದುಕೊಂಡೆ. 'ಅಸಾಮಾನ್ಯ ಬಣ್ಣ' ಎಂದು ಒತ್ತಿ, ನನ್ನ ಮೇಜಿಗಷ್ಟೇ ಇರುವ 'ಖಚಿತ' ಗುಂಡಿಯನ್ನೂ ಒತ್ತಿದೆ.

ಇಲ್ಲಿ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ್ದರ ತೂಕ ತಿಳಿಯುವುದಿಲ್ಲ. 'ಸತ್ತದ್ದು' ಎಂಬ ಗುಂಡಿ ಕೆಂಪು. ಅದನ್ನು ಒತ್ತಿದರೆ ಆ ಕ್ಷಣವೇ ಅಲ್ಲಿ ಪಾಳಿಯಲ್ಲಿರುವವರ ಫೋನಿಗೆ ಸುದ್ದಿ ಹೋಗುತ್ತದೆ. ದೋಣಿ ಹತ್ತಿರವಿದ್ದರೆ ಹೋಗಿ ನೋಡುತ್ತಾರೆ, ಅದು ಹೇಗೆ ಸತ್ತಿತೆಂದು ಪರೀಕ್ಷೆ ಮಾಡುತ್ತಾರೆ. 'ಅಸಾಮಾನ್ಯ ಬಣ್ಣ' ಎಂದು ಒತ್ತಿದರೆ ತಜ್ಞರ ಸಾಲಿಗೆ ಹೋಗುತ್ತದೆ, ಅವರು ಬಿಡುವಾದಾಗ ನೋಡುತ್ತಾರೆ. ಇದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಹೊಸಬರು ಬಂದಾಗ ಇದನ್ನು ಹೇಳಿಕೊಡುತ್ತಿದ್ದವಳೇ ನಾನು.

ಮರುದಿನ ಅಲ್ಲಿಂದ ಒಂದು ಸಾಲು ಬಂತು. ಕುತೂಹಲಕರವಾಗಿದೆ, ತಜ್ಞರಿಗೆ ಕಳಿಸಿದ್ದೇವೆ, ಧನ್ಯವಾದ. ಅಷ್ಟೇ. ನಾವು ಅದನ್ನು ನಮಗೆ ಬೇಕಾದಂತೆ ಓದಿಕೊಂಡೆವು. ಮ್ಯಾನೇಜರ್ ತನ್ನ ಫೋನಿನ ಸ್ಟೇಟಸ್ಸಿಗೆ ಹಾಕಿದ. ಅದನ್ನು ನೋಡಿ ಒಂದು ಸ್ಥಳೀಯ ಪತ್ರಿಕೆಯವರು ಬಂದರು. ನಾನು ಕುಶನೂರಿನವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಬೆಳ್ಳಕ್ಕಿಯ ತರ್ಕವನ್ನು ಪಾಠದಂತೆ ವಿವರಿಸಿದೆ. ಬೀದರಿನ ಮಹಿಳೆಯರಿಗೆ ಕಂಡ ಬಿಳಿ ತಿಮಿಂಗಿಲ ಎಂದು ಅಚ್ಚಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂದು ಮಕ್ಕಳಿಗೆ ಎಷ್ಟು ಸಲ ಬರೆಸಿದ್ದೇನೋ. ನಾನೇ ಕುಲಾವಿ ಹೊಲಿಸಿ ಊರೆಲ್ಲ ತೋರಿಸಿ ಬಂದೆ.

ಭಾಲ್ಕಿಯಲ್ಲಿ ನಮ್ಮ ಓಣಿಯ ಹೆಂಗಸರ ಸಂಘ, ಅಕ್ಕನ ಬಳಗದವರು ಶಾಲು ಹೊದಿಸಿದರು. ನಾನು ಪೇಢಾ ಕೊಂಡು ಆಫೀಸಿನಲ್ಲಿ, ಓಣಿಯಲ್ಲಿ, ದಿನಾ ಓಡಾಡುವ ರೈಲಿನ ಡಬ್ಬಿಯಲ್ಲಿ ಹಂಚಿದೆ. ನಮ್ಮ ಡಬ್ಬಿಯಲ್ಲಿ ಭಾಲ್ಕಿಯ ಒಬ್ಬ ಕಿರಾಣಿ ವ್ಯಾಪಾರಿ ದಿನಾ ಬರುತ್ತಾರೆ, ತಲೆಗೆ ಬಿಳಿ ಟೊಪ್ಪಿಗೆ, ಬಾಯಲ್ಲಿ ಯಾವಾಗಲೂ ಚೇಷ್ಟೆ. ಅವರು ಪೇಢಾ ಬಾಯಿಗಿಟ್ಟುಕೊಂಡು, ಇಲ್ಲಿ ಕುಂತು ಅಲ್ಲಿ ಮೀನ ಹಿಡದ್ರಿ ಎಂದು ಚೇಷ್ಟೆ ಮಾಡಿದರು. ಮೀನಲ್ಲ, ಮರಿಗೆ ಹಾಲೂಡಿಸುವ ಪ್ರಾಣಿ ಎಂದು ಅಲ್ಲೂ ಪಾಠ ಮಾಡಿದೆ.

ಕುಶನೂರಿನಲ್ಲಿ ಆದದ್ದು ಇನ್ನೂ ದೊಡ್ಡದು. ನಾನು ಕೊಟ್ಟ ಡಬ್ಬಿಯಿಂದ ಅತ್ತೆ ತಾನೇ ಮನೆಮನೆಗೆ ಪೇಢಾ ಹಂಚಿದಳಂತೆ. ಬಸ್ಸಿನ ಕಂಡಕ್ಟರ್ ಕೈಗೂ ಒಂದಿಟ್ಟು, ನಮ್ಮ ಸೊಸಿಗಿ ಜಾಗ ಹಿಡದು ಕೂಡ್ಸಪ್ಪಾ ಎಂದಳಂತೆ. ದೀಪಾವಳಿಯ ಗಡುವಿನ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ. ಹುಡುಗಿ ಇದನ್ನು ಹೇಳುವಾಗ ಅವಳ ಕಣ್ಣು ತುಂಬಿತ್ತು. ನನಗೂ ಎದೆಯುಬ್ಬಿತು, ಸುಳ್ಳೇಕೆ ಹೇಳಲಿ.

ಔರಾದದ ಒಂದು ಶಾಲೆಯವರು ನಮ್ಮಿಬ್ಬರನ್ನೂ ಶನಿವಾರದ ಸಮಾರಂಭಕ್ಕೆ ಕರೆದರು. ಆ ವಾರದ ನಡುವೆ ತಜ್ಞೆಯಿಂದ ವಿಡಿಯೊ ಕರೆ ಬಂತು.

ಆಕೆ ನಡುವಯಸ್ಸಿನ ಹೆಂಗಸು, ಬಿಸಿಲಿಗೆ ಮುಖ ಕಂದಿತ್ತು, ಮಾತು ಮೆತ್ತಗೆ. ಪರದೆಯ ಮೇಲೆ ನಮ್ಮ ಫೋಟೊವನ್ನೇ ತೆರೆದು, ಒಂದೊಂದೇ ಜಾಗ ತೋರಿಸುತ್ತ ಹೋದಳು. ಈ ಬಿಳುಪು ಹುಟ್ಟಿನದಲ್ಲ. ಸತ್ತು ತೇಲುವ ತಿಮಿಂಗಿಲದ ಕರಿ ತೊಗಲು ಬಿಸಿಲಿಗೆ, ನೀರಿಗೆ ಸುಲಿದುಹೋಗುತ್ತದೆ, ಒಳಗಿನ ಬಿಳುಪು ಕಾಣುತ್ತದೆ. ಮೈ ಉಬ್ಬಿದೆ ನೋಡಿ. ಮೂರೂ ಫೋಟೊಗಳಲ್ಲಿ ಕದಲಿಲ್ಲ ನೋಡಿ. ಹಕ್ಕಿಗಳ ಬಳಿ ಬಂದಾಗ ತಡೆದು, ಅವು ವಿಶ್ರಾಂತಿಗೆ ಕೂತಿಲ್ಲ, ತಿನ್ನುತ್ತಿವೆ ಎಂದಳು. ಸಮುದ್ರದಲ್ಲಿ ತಿಮಿಂಗಿಲದ ಮೇಲೆ ಹಕ್ಕಿ ಹೀಗೆ ಗುಂಪಾಗಿ ಕೂತಿದ್ದರೆ ಬಹುತೇಕ ಅದು ಸತ್ತಿರುತ್ತದೆ.

ಮ್ಯಾನೇಜರ್ ಉಳಿದವರಿಗೆ ಕನ್ನಡದಲ್ಲಿ ಹೇಳುತ್ತಿದ್ದ. ಆ ವಾಕ್ಯಕ್ಕೆ ಬಂದಾಗ ಅವನೂ ನಿಲ್ಲಿಸಿದ.

ಕೆಂಪು ಗುಂಡಿ ಒತ್ತಿದ್ದರೆ ಏನಾಗುತ್ತಿತ್ತು ಎಂದು ನಾನೇ ಕೇಳಿದೆ. ಕೇಳದಿದ್ದರೆ ಆಕೆ ಹೇಳುತ್ತಿರಲಿಲ್ಲವೇನೋ. ಅಂದು ದೋಣಿ ಆ ಕಡೆಯೇ ಇತ್ತು, ಹೋಗಬಹುದಿತ್ತು ಎಂದಳು. ಬಲೆಗೆ ಸಿಕ್ಕಿ ಸತ್ತಿತೋ, ಹಡಗು ಬಡಿಯಿತೋ, ಕಾಯಿಲೆಯೋ, ನೋಡಬಹುದಿತ್ತು. ಈಗ ಗಾಳಿ ಎತ್ತ ಒಯ್ದಿದೆಯೋ ತಿಳಿಯದು, ಹುಡುಕಿದರು, ಸಿಗಲಿಲ್ಲ. ಇಷ್ಟು ಹೇಳಿ, ಇಂಥ ತಪ್ಪು ಎಲ್ಲರಿಗೂ ಆಗುತ್ತದೆ ಎಂದು ನನ್ನನ್ನು ಸಮಾಧಾನ ಮಾಡಿದಳು. ಬೈದಿದ್ದರೆ ಚೆನ್ನಾಗಿತ್ತು. ನಾನು ಪರದೆಯ ಮುಂದೆ ತಲೆ ತಗ್ಗಿಸಿ ಕೂತಿದ್ದೆ. ಸತ್ತದ್ದನ್ನು ಬದುಕಿದೆ ಎಂದು ಹೇಳಿದ್ದಷ್ಟೇ ಅಲ್ಲ, ಆರಾಮವಾಗಿದೆ ಎಂದು ಪತ್ರಿಕೆಯಲ್ಲಿ ಹಾಕಿಸಿದ್ದೆ.

ನೊರೆ ಎಂದಿದ್ದ ಹುಡುಗ ಗೆದ್ದವನಂತೆ ನಡೆದುಕೊಳ್ಳಲಿಲ್ಲ. ನಾನಂತೂ ಚೌಕಾನೇ ಎಳದಿಲ್ಲ ಮೇಡಂ, ನಿಮಗಿಂತ ನಂದೇ ಜಾಸ್ತಿ ತಪ್ಪು ಎಂದು ಚಹಾ ತಂದಿಟ್ಟ. ಕುಡಿಯುವ ಮನಸ್ಸಾಗಲಿಲ್ಲ.

ಮ್ಯಾನೇಜರ್‌ಗೆ ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆಫೀಸಿನೊಳಗೆ ನಿಯಮ ತಿದ್ದೋಣ, ಹೊರಗೆ ಸುಮ್ಮನಿರೋಣ ಎಂದ. "ಹೊರಗ ಹೇಳೋದು ಏನ್ ಜರೂರತ್ ಅದರಿ? ಬೀದರದಾಗ ಕುಂತವರು ಸಮುದ್ರಕ್ಕ ಹೋಗಿ ಚೆಕ್ ಮಾಡ್ತಾರೇನು?"

ಅಂದು ಮಧ್ಯಾಹ್ನ ಕುಶನೂರಿನವಳು ಡಬ್ಬಿ ಬಿಚ್ಚಲಿಲ್ಲ. ನನ್ನ ಮೇಜಿನ ಪಕ್ಕ ಬಂದು ನಿಂತಳು. ಶನಿವಾರ ಶಾಲೆಗೆ ಅವಳ ಅತ್ತೆಯೂ ಬರುವವಳಿದ್ದಳು.

"ಮೇಡಂ, ನಾ ಸುಳ್ಳ ಹೇಳ್ರಿ ಅನ್ನಂಗಿಲ್ಲ. ಸುಮ್ಮ ಇರ್ರಿ ಅಷ್ಟೇ. ಅತ್ತಿಗಿ ಗೊತ್ತಾತಂದ್ರ ನನ್ನ ಕೆಲಸ ಹೋಯ್ತು."

ಸುಮ್ಮನಿರುತ್ತೇನೆ ಎಂದೆ. ಆ ಮಾತು ಕೊಡುವಾಗ ಅವಳಿಗಾಗಿ ಕೊಡುತ್ತಿದ್ದೇನೆ ಎಂದು ನನ್ನನ್ನೇ ನಂಬಿಸಿಕೊಂಡೆ. ಅರ್ಧದಷ್ಟು ನನ್ನ ಶಾಲು ಉಳಿಸಿಕೊಳ್ಳಲಿಕ್ಕೇ ಕೊಟ್ಟದ್ದು.

ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಬೀದರಿನಿಂದ ಇಬ್ಬರೂ ಬಸ್ಸಿನಲ್ಲಿ ಹೊರಟೆವು. ರಸ್ತೆಯ ಎರಡೂ ಬದಿ ತೊಗರಿ ಹೂಬಿಟ್ಟಿತ್ತು, ಸೋಯಾ ರಾಶಿ ಮುಗಿದ ಹೊಲಗಳು ಬರಿದಾಗಿದ್ದವು. ಒಂದು ಕಡೆ ಎಮ್ಮೆಗಳು ಮೇಯುತ್ತಿದ್ದವು, ಬೆನ್ನ ಮೇಲೆ ಬೆಳ್ಳಕ್ಕಿ ಕೂತಿದ್ದವು. ಇಬ್ಬರೂ ನೋಡಿದೆವು, ಇಬ್ಬರೂ ಮುಖ ತಿರುಗಿಸಿದೆವು.

ಶಾಲೆಯ ಸಭಾಂಗಣದ ಗೋಡೆಯ ತುಂಬ ಮಕ್ಕಳು ಬರೆದ ಚಿತ್ರಗಳು. ಎಲ್ಲದರಲ್ಲೂ ನೀಲಿ ನೀರು, ಬಿಳಿ ತಿಮಿಂಗಿಲ, ಅದರ ಬೆನ್ನ ಮೇಲೆ ಸಾಲಾಗಿ ಹಕ್ಕಿ. ಮುಖ್ಯೋಪಾಧ್ಯಾಯರು ಪತ್ರಿಕೆಯಲ್ಲಿದ್ದ ನನ್ನ ಮಾತನ್ನೇ ಫಲಕದ ಮೇಲೆ ಬರೆಸಿದ್ದರು: ಹಕ್ಕಿ ಕೂತಿದ್ದರೆ ಪ್ರಾಣಿ ಆರಾಮವಾಗಿದೆ ಎಂದು ಅರ್ಥ. ಅದನ್ನು ಓದಿ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಇಷ್ಟು ವರ್ಷ ಪಾಠ ಹೇಳಿದವಳು ನಾನು. ಒಂದು ಇಡೀ ಶಾಲೆಗೆ ತಪ್ಪು ಪಾಠ ಕಲಿಸಿ, ಅದಕ್ಕೆ ಸನ್ಮಾನ ತೆಗೆದುಕೊಳ್ಳಲು ಬಂದು ನಿಂತಿದ್ದೆ.

ಮುಂದಿನ ಸಾಲಿನಲ್ಲಿ ಅತ್ತೆ ಕೂತಿದ್ದಳು. ತಲೆಯ ಮೇಲೆ ಸೆರಗು, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಸೊಸೆಯನ್ನು ನೋಡಿ ಪಕ್ಕದವಳಿಗೆ ಬೆರಳು ಮಾಡಿ ತೋರಿಸಿದಳು.

ನಾವಿಬ್ಬರೂ ವೇದಿಕೆ ಹತ್ತುವ ಮುಂಚೆ ಒಂದು ಚಿತ್ರದ ಎದುರು ನಿಂತಿದ್ದೆವು. ಯಾವುದೋ ಮಗು ತಿಮಿಂಗಿಲಕ್ಕೆ ದೊಡ್ಡ ಕಣ್ಣು ಬರೆದಿತ್ತು, ರೆಪ್ಪೆ ಸಮೇತ. ಕುಶನೂರಿನವಳು ಅದನ್ನೇ ನೋಡುತ್ತಿದ್ದಳು.

"ಕಣ್ಣ ತೆರದದ ನೋಡ್ರಿ ಮೇಡಂ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಹೇಳಿಬಿಡ್ರಿ. ನನ್ನದೇನ ಆಗ್ತದ ಆಗ್ಲಿ," ಎಂದಳು.

ಕೆಲಸ ಹೋಗುವುದು ಅವಳದು. ಹೇಳು ಎಂದವಳೂ ಅವಳೇ. ಆ ಅಪ್ಪಣೆಗಾಗಿ ನಾನು ಕಾಯುತ್ತಿದ್ದೆನಲ್ಲ ಎಂಬುದು ಇಂದಿಗೂ ನನಗೆ ಚುಚ್ಚುತ್ತದೆ.

ಶಾಲು ಹೊದಿಸಲು ಬಂದವರನ್ನು ತಡೆದು ಮೈಕ್ ತೆಗೆದುಕೊಂಡೆ. ಸುತ್ತಿ ಬಳಸಿ ಹೇಳಲಿಲ್ಲ. ಅದು ಬಿಳಿ ತಿಮಿಂಗಿಲ ಅಲ್ಲ, ಸತ್ತ ಕರಿ ತಿಮಿಂಗಿಲ ಎಂದೆ. ತೊಗಲು ಸುಲಿದಿತ್ತು ಎಂದೆ. ಹಕ್ಕಿಗಳು ತಿನ್ನಲು ಕೂತಿದ್ದವು ಎಂದಾಗ ಮಕ್ಕಳ ಸಾಲಿನಲ್ಲಿ ಯಾರೋ ನಕ್ಕು, ನಿಲ್ಲಿಸಿದರು. ಇವಳು ನನ್ನ ಮುಂದೆ ಪ್ರಶ್ನೆ ಇಟ್ಟಳು, ತೀರ್ಮಾನ ಮಾಡಿದ್ದು ನಾನು, ಕೆಂಪು ಗುಂಡಿ ಒತ್ತದೆ ಹೋದದ್ದು ನಾನು ಎಂದೆ. ಒತ್ತಿದ್ದರೆ ದೋಣಿ ಹೋಗುತ್ತಿತ್ತು, ಅದು ಹೇಗೆ ಸತ್ತಿತೆಂದು ತಿಳಿಯುತ್ತಿತ್ತು, ಇನ್ನು ತಿಳಿಯುವುದಿಲ್ಲ ಎಂದೂ ಹೇಳಿದೆ. ಫಲಕದ ಮೇಲಿನ ನನ್ನ ಮಾತನ್ನು ಒರೆಸಿಬಿಡಿ ಎಂದು ಕೇಳಿಕೊಂಡೆ.

ಮುಖ್ಯೋಪಾಧ್ಯಾಯರು ಏನು ಮಾಡುವುದೆಂದು ತಿಳಿಯದೆ ಚಪ್ಪಾಳೆ ತಟ್ಟಿದರು. ಮಕ್ಕಳೂ ತಟ್ಟಿದರು. ಖರೆ ಹೇಳುವುದಕ್ಕೂ ಧೈರ್ಯ ಬೇಕೆಂದು ಹೊಗಳಿ, ತಂದ ಶಾಲು ನನಗೇ ಹೊದಿಸಿದರು. ತಪ್ಪು ಮಾಡಿದಾಗಲೂ ಶಾಲು, ಒಪ್ಪಿಕೊಂಡಾಗಲೂ ಶಾಲು. ಆ ಮೆತ್ತನೆಯ ಬಟ್ಟೆಯೊಳಗೆ ನಾನು ಬೇಯುತ್ತಿದ್ದೆ.

ಹೊರಗೆ ಬೇವಿನ ಗಿಡದ ಕೆಳಗೆ ಅತ್ತೆ ನನಗಾಗಿ ನಿಂತಿದ್ದಳು. ಸೊಸೆ ಎರಡು ಹೆಜ್ಜೆ ಹಿಂದೆ ನಿಂತಿದ್ದಳು. ಮುದುಕಿಯ ದನಿ ಏರಲಿಲ್ಲ.

"ಬಾಯಿ, ನಮ್ಮ ಕಡಿ ಯಾರರ ಸತ್ತರ ಮೊದಲ ಸುದ್ದಿ ಮುಟ್ಟಸ್ತೇವಿ. ಜಗಳ ಆಡಿ ಮಾತ ಬಿಟ್ಟವರಿಗೂ ಮುಟ್ಟಸ್ತೇವಿ. ಊಟಕ್ಕ ಕುಂತಿದ್ರ ಎದ್ದು ಹೋಗ್ತೇವಿ. ನಿಮ್ಮ ಕೈಯಾಗ ಸತ್ತ ಸುದ್ದಿ ಬಂದಿತ್ತು. ನೀವು ಪೇಢಾ ಹಂಚಿದ್ರಿ."

ನಾನು ಹೆಗಲ ಮೇಲಿನ ಶಾಲು ಇಳಿಸಿದೆ.

"ನಾನೂ ಹಂಚಿದೆ," ಎಂದಳು. "ನಾನೂ ತಿಂದೆ."

ಸೊಸೆಗೆ ನಡಿ ಎಂದು ಹೇಳಿ, ಕುಶನೂರಿನ ಬಸ್ಸಿನ ಕಡೆ ಹೊರಟುಬಿಟ್ಟಳು. ನಾನು ಬೀದರಿನ ಬಸ್ ಹತ್ತಿ, ಶಾಲನ್ನು ಮಡಚಿ ಚೀಲದ ತಳಕ್ಕೆ ತುರುಕಿದೆ. ದಾರಿಯುದ್ದಕ್ಕೂ ಮುದುಕಿಯ ಮಾತೇ ಕಿವಿಯಲ್ಲಿತ್ತು.

ಸೋಮವಾರ ಅವಳ ಕುರ್ಚಿ ಖಾಲಿ ಇತ್ತು. ಮಂಗಳವಾರವೂ ಬರಲಿಲ್ಲ. ಫೋನ್ ಮಾಡಲು ನನಗೆ ಮುಖವಿರಲಿಲ್ಲ. ಅಷ್ಟರಲ್ಲಿ ನಾನು ಮ್ಯಾನೇಜರ್ ಜೊತೆ ಕೂತು ನಿಯಮ ಬದಲಾಯಿಸಿದೆ. ಮೈಮೇಲೆ ಹಕ್ಕಿ ಕೂತ ಯಾವ ಆಕಾರ ಕಂಡರೂ, ಅದು ನೊರೆಯೆಂದು ಅನ್ನಿಸಿದರೂ, ಮೊದಲು ಕೆಂಪು ಗುಂಡಿ. ವಾದ ಆಮೇಲೆ. ಖಚಿತ ಎಂದು ಒತ್ತುವ ಅಧಿಕಾರ ನನ್ನೊಬ್ಬಳಿಗೇ ಬೇಡ, ಇನ್ನೊಬ್ಬರೂ ಒಪ್ಪಬೇಕು ಎಂದೂ ಸೇರಿಸಿದೆ. ಆ ಇನ್ನೊಬ್ಬರು ಯಾರೆಂದು ಮ್ಯಾನೇಜರ್ ಕೇಳಿದಾಗ ನೊರೆ ಎಂದಿದ್ದ ಹುಡುಗನನ್ನು ತೋರಿಸಿದೆ.

ಬುಧವಾರ ಅವಳು ಬಂದಳು. ಏನೂ ಆಗದವಳಂತೆ ಡಬ್ಬಿಯನ್ನು ಕಿಟಕಿಯಲ್ಲಿಟ್ಟು ಕೂತಳು. ಮಧ್ಯಾಹ್ನ ತಾನಾಗಿಯೇ ಹೇಳಿದಳು. ಎರಡು ದಿನ ಅತ್ತೆ ಅವಳೊಡನೆ ಮಾತಾಡಲಿಲ್ಲವಂತೆ. ಮಂಗಳವಾರ ಸಂಜೆ ಎಮ್ಮೆಯ ಹಾಲು ಕರೆಯುತ್ತ, ನೀ ಹೋಗದಿದ್ರ ಆ ಫೋಟೊ ಯಾರು ನೋಡ್ತಾರ ಎಂದು ಕೇಳಿದಳಂತೆ. ಯಾರಾದರೂ ಹೊಸಬರು ಎಂದು ಇವಳು ಹೇಳಿದ್ದಾಳೆ.

"ಹಂಗಾದ್ರ ನೀನೇ ಹೋಗು ಅಂದಳ್ರಿ. ಹೊಸಬರು ಮತ್ತ ಪೇಢಾ ಹಂಚ್ಯಾರು ಅಂದಳ್ರಿ."

ನಗು ಬರಬೇಕಿತ್ತು, ನನಗೆ ಬರಲಿಲ್ಲ. ಅವಳು ರೊಟ್ಟಿ ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದಳು. ದೀಪಾವಳಿ ಬಂದು ಹೋಯಿತು, ಅವಳು ಇನ್ನೂ ಬರುತ್ತಿದ್ದಾಳೆ.

ಚಳಿ ಶುರುವಾದ ಮೇಲೆ ಒಂದು ದಿನ ಅವಳು ಕುರ್ಚಿಯಿಂದ ಎದ್ದು ನಿಂತು, ಮೇಡಂ, ಹಕ್ಕಿ ಎಂದಳು. ಕರಿ ಮೈ, ಬಿಳುಪು ಇನ್ನೂ ಅಂಚಿನಲ್ಲಷ್ಟೇ ಕಾಣತೊಡಗಿತ್ತು. ನಾನು ಅವಳ ಪಕ್ಕಕ್ಕೆ ಹೋಗುವ ಮುಂಚೆಯೇ ಅವಳು ಕೆಂಪು ಗುಂಡಿ ಒತ್ತಿಯಾಗಿತ್ತು. ಸಂಜೆಗೆ ಅಲ್ಲಿಂದ ಸುದ್ದಿ ಬಂತು, ದೋಣಿ ಮುಟ್ಟಿದೆ ಎಂದು. ಬಾಲಕ್ಕೆ ಹಗ್ಗ ಬಿಗಿದಿತ್ತಂತೆ. ಮಾಳಿಗೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ, ಮ್ಯಾನೇಜರ್ ಸ್ಟೇಟಸ್ ಹಾಕಲಿಲ್ಲ.

ಅಂದು ಭಾಲ್ಕಿಗೆ ಹೋಗುವ ರೈಲಿನಲ್ಲಿ ಕಿರಾಣಿ ವ್ಯಾಪಾರಿ ಎದುರಿಗೇ ಕೂತಿದ್ದರು. ಪೇಢಾ ತಿಂದ ದಿನದಿಂದ ಅವರು ಒಂದು ದಿನವೂ ಚೇಷ್ಟೆ ಬಿಟ್ಟವರಲ್ಲ. ಅವರಿಗೆ ನಿಜವನ್ನು ನಾನು ಇನ್ನೂ ಹೇಳಿರಲಿಲ್ಲ. ಔರಾದದಲ್ಲಿ ಮೈಕಿನಲ್ಲಿ ಹೇಳಿ ಬಂದವಳು, ದಿನಾ ಎದುರು ಕೂರುವವರಿಗೆ ಹೇಳದೆ ತಿಂಗಳು ತಳ್ಳಿದ್ದೆ.

"ಏನ್ರಿ ಬಾಯಿ, ಇವತ್ತರ ಕಂಡಿತೇನು ನಿಮ್ಮ ಬಿಳಿದು?"

"ಅದು ಬಿಳಿದಿದ್ದಿಲ್ರಿ," ಎಂದೆ. "ಸತ್ತಿತ್ತು. ನನಗ ತಿಳಿಲಿಲ್ಲ. ಇವತ್ತೂ ಒಂದು ಸತ್ತದ."

ಅವರ ಮುಖದ ನಗು ಹೋಯಿತು. ಊರಲ್ಲಿ ಸಾವಿನ ಸುದ್ದಿ ಕೇಳಿದಾಗ ಮಾಡುವಂತೆ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅದು ತಿಮಿಂಗಿಲವೆಂಬುದು ಆ ಗಳಿಗೆಗೆ ಅವರಿಗೆ ಮರೆತಿತ್ತೇನೋ.

"ಅರೆರೆ," ಎಂದರು. "ಯಾವಾಗ್ರಿ? ಮನಿಯವರಿಗೆಲ್ಲ ಸುದ್ದಿ ಮುಟ್ಟಿತೇನು?"

ಮುಟ್ಟಿತ್ರಿ ಎಂದೆ. ಇವತ್ತಿನದು ಮುಟ್ಟಿತು.